ಒಂದೇ ತಗಡಿನಿಂದ ಬ್ಯಾಸಿನೆಟ್: ಶಿರಸ್ತ್ರಾಣ ಬಡಿದ ನನ್ನ ಅನುಭವ

ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಯುರೋಪಿನ ನೈಟ್‌ಗಳು ಧರಿಸುತ್ತಿದ್ದ ಬ್ಯಾಸಿನೆಟ್ ಎಂಬ ಶಿರಸ್ತ್ರಾಣವೊಂದನ್ನು, ಚೂಪು ಮೂತಿಯ ವೈಸರ್ (ಮುಖ ಮುಚ್ಚುವ, ಮೇಲಕ್ಕೆತ್ತಬಹುದಾದ ತಗಡು) ಸಮೇತ, ಕುಲುಮೆ ಮತ್ತು ಸುತ್ತಿಗೆಯ ಕೆಲಸದಿಂದಲೇ ತಯಾರಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಶೀಟ್ ಮೆಟಲ್ ಕಸುಬನ್ನು ನಾನು ಹುಬ್ಬಳ್ಳಿಯಲ್ಲಿ ಕಲಿತೆ. ಈಗ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಅದೇ ಕಸುಬಿನಲ್ಲಿದ್ದೇನೆ. ಬ್ರಿಟನ್ನಿನ ರಾಷ್ಟ್ರೀಯ ಆಯುಧ ಸಂಗ್ರಹಾಲಯವಾದ ರಾಯಲ್ ಆರ್ಮರೀಸ್ 1996ರಿಂದ ಇದೇ ಊರಿನಲ್ಲಿರುವುದು ನನ್ನ ಪಾಲಿನ ಭಾಗ್ಯ. ಲೈಲ್ ಬ್ಯಾಸಿನೆಟ್ ಎಂದು ಹೆಸರಾದ ಶಿರಸ್ತ್ರಾಣ ಆ ಸಂಗ್ರಹದಲ್ಲಿದೆ. ಇಟಲಿಯ ಉತ್ತರದ ಅಂಚಿನಲ್ಲಿ, ಆಲ್ಪ್ಸ್ ಕಣಿವೆಯೊಂದರಲ್ಲಿರುವ ಚುರ್ಬುರ್ಗ್ ಕೋಟೆಯ ಆಯುಧಶಾಲೆಯಿಂದ ಬಂದ ಆ ವಸ್ತುವೇ ನನ್ನ ಕೆಲಸಕ್ಕೆ ಮಾದರಿ. ಅದರ ಯಥಾಪ್ರತಿ ಮಾಡುವುದು ನನ್ನ ಉದ್ದೇಶವಾಗಿರಲಿಲ್ಲ. ಅದನ್ನು ಮಾಡಿದ ಕಮ್ಮಾರನ ತೀರ್ಮಾನಗಳು ಯಾವ ಕಾರಣದಿಂದ ಹಾಗಿವೆ ಎಂಬುದನ್ನು ಕೈಯಿಂದಲೇ ತಿಳಿಯಬೇಕಾಗಿತ್ತು. ಹಾಗೆ ತಿಳಿದದ್ದರಲ್ಲಿ ಮುಖ್ಯವಾದುದೆಂದರೆ, ಶಿರಸ್ತ್ರಾಣದ ವಿನ್ಯಾಸವು ಹೊರಗಿನ ಆಕಾರದಲ್ಲಿ ಎಷ್ಟಿದೆಯೋ, ಉಕ್ಕು ಎಲ್ಲಿ ದಪ್ಪವಾಗಿದೆ, ಎಲ್ಲಿ ತೆಳುವಾಗಿದೆ ಮತ್ತು ಉಕ್ಕಿಗೂ ತಲೆಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂಬುದರಲ್ಲಿ ಅದಕ್ಕಿಂತ ಹೆಚ್ಚಾಗಿದೆ. ಗಾಜಿನಾಚೆ ನಿಂತು ನೋಡಿದಾಗ ಕಾಣುವುದು ಮೊದಲನೆಯದು ಮಾತ್ರ.

ಈ ಆಕಾರ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಹೇಳಬೇಕು. 1066ರ ಹೇಸ್ಟಿಂಗ್ಸ್ ಯುದ್ಧವನ್ನು ಚಿತ್ರಿಸುವ ಬೇಯೂ ಕಸೂತಿಪಟದಲ್ಲಿ ಯೋಧರು ತೊಟ್ಟಿರುವುದು ಶಂಕುವಿನಾಕಾರದ, ಮೂಗಿನ ಮೇಲೆ ಒಂದು ಪಟ್ಟಿ ಇಳಿಬಿದ್ದಿರುವ ಟೊಪ್ಪಿಗೆಗಳನ್ನು. ನಾರ್ಮಂಡಿಯ ಡ್ಯೂಕ್ ವಿಲಿಯಂ ತಾನು ಬದುಕಿದ್ದೇನೆಂದು ಸೈನ್ಯಕ್ಕೆ ತೋರಿಸಲು ತನ್ನ ಟೊಪ್ಪಿಗೆಯನ್ನು ಮೇಲೆತ್ತುವ ದೃಶ್ಯವೂ ಅದರಲ್ಲಿದೆ. ಮುಂದಿನ ಒಂದೂವರೆ ಶತಮಾನದಲ್ಲಿ ಮುಖ ಪೂರ್ತಿ ಮುಚ್ಚಿಹೋಗಿ, ಹದಿಮೂರನೆಯ ಶತಮಾನದ ಹೊತ್ತಿಗೆ ಹಲವು ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ, ನೆತ್ತಿ ಚಪ್ಪಟೆಯಾಗಿರುವ ಗ್ರೇಟ್ ಹೆಲ್ಮ್ ಬಳಕೆಗೆ ಬಂತು. ಬಾಗಿಸಿದ ತಗಡುಗಳನ್ನು ಒಂದರ ಅಂಚಿನ ಮೇಲೊಂದು ಕೂರಿಸಿ ರಿವೆಟ್ ಮಾಡಿದರಾಯಿತು, ಆಳವಾಗಿ ಉಬ್ಬಿಸುವ ಕಷ್ಟವಿಲ್ಲ. ಆದ್ದರಿಂದ ಮಾಡುವವನಿಗೆ ಅದು ಸುಲಭ. ಆದರೆ ಮೇಲಿನಿಂದ ಬಿದ್ದ ಏಟು ಚಪ್ಪಟೆ ನೆತ್ತಿಯ ಮೇಲೆ ಜಾರುವುದಿಲ್ಲ. ಇಡೀ ಬಲ ನೇರವಾಗಿ ಕುತ್ತಿಗೆಗೆ ಇಳಿಯುತ್ತದೆ. ಮುಂದೆ ಅದರ ನೆತ್ತಿ ಮೊನಚಾಗುತ್ತ ಹೋದುದಕ್ಕೆ ಇದೇ ಕಾರಣ. ಈ ದೊಡ್ಡ ಹೆಲ್ಮಿನ ಒಳಗೆ ಸವಾರರು ತಲೆಗೆ ಅಂಟಿದಂತೆ ಕೂರುವ ಚಿಕ್ಕ ಉಕ್ಕಿನ ಟೊಪ್ಪಿಗೆಯೊಂದನ್ನೂ ಹಾಕಿಕೊಳ್ಳುತ್ತಿದ್ದರು. ಭರ್ಜಿಯ ಮೊದಲ ಘರ್ಷಣೆ ಮುಗಿದು ಕತ್ತಿ, ಗದೆಗಳ ಕೈಕೈ ಕಾಳಗ ಆರಂಭವಾದಾಗ ಉಸಿರು ಕಟ್ಟಿಸುವ, ಪಕ್ಕಕ್ಕೆ ಏನೂ ಕಾಣದ ದೊಡ್ಡ ಹೆಲ್ಮನ್ನು ತೆಗೆದೆಸೆದು ಒಳಗಿನದರಲ್ಲೇ ಹೋರಾಡುವುದು ಅವರಿಗೆ ಅನುಕೂಲವಾಗುತ್ತಿತ್ತು. ಆ ಒಳಟೊಪ್ಪಿಗೆಯೇ ಕೆಳಕ್ಕೆ ಬೆಳೆದು ಕಿವಿ ಮತ್ತು ಕತ್ತಿನ ಹಿಂಭಾಗಗಳನ್ನು ಮುಚ್ಚಿ, ತನ್ನದೇ ವೈಸರ್ ಪಡೆದು, ಬ್ಯಾಸಿನೆಟ್ ಆಯಿತು. 1375ರಲ್ಲಿ ತೀರಿಕೊಂಡ ಸರ್ ರಿಚರ್ಡ್ ಪೆಂಬ್ರಿಜ್‌ನ ಗ್ರೇಟ್ ಹೆಲ್ಮ್ ಈಗ ಎಡಿನ್‌ಬರ್ಗ್‌ನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಮರುವರ್ಷ ತೀರಿಕೊಂಡ ಬ್ಲ್ಯಾಕ್ ಪ್ರಿನ್ಸ್ ಎಡ್ವರ್ಡ್‌ನದು ಕ್ಯಾಂಟರ್ಬರಿ ಕೆಥೆಡ್ರಲ್‌ನಲ್ಲಿದೆ. ಎರಡೂ ಸಮಾಧಿಯ ಮೇಲೆ ಗೌರವಾರ್ಥ ತೂಗುಹಾಕಿದ್ದರಿಂದ ಉಳಿದುಬಂದವು. ಅಷ್ಟು ಹೊತ್ತಿಗೆ ಯುದ್ಧಭೂಮಿಯ ನಿಜವಾದ ಶಿರಸ್ತ್ರಾಣ ಬ್ಯಾಸಿನೆಟ್ಟೇ ಆಗಿತ್ತು.

ಕೆಲಸ ಶುರುವಾದದ್ದು ಕಾಗದದ ಮೇಲೆ. ತಲೆಯ ಸುತ್ತಳತೆಯೊಂದರಿಂದ ಶಿರಸ್ತ್ರಾಣದ ಅಳತೆ ಸಿಗುವುದಿಲ್ಲ. ಹಣೆಯಿಂದ ಹಿಂದಲೆಗಿರುವ ಉದ್ದ, ಕಿವಿಯಿಂದ ಕಿವಿಗಿರುವ ಅಗಲ, ನೆತ್ತಿಯಿಂದ ಗದ್ದಕ್ಕಿರುವ ಎತ್ತರ ಇವಿಷ್ಟನ್ನೂ ಬೇರೆ ಬೇರೆ ತೆಗೆದು, ಪ್ರತಿಯೊಂದಕ್ಕೂ ಒಳಮೆತ್ತೆಯ ದಪ್ಪವನ್ನು ಕೂಡಿಸಬೇಕು. ಹಣೆಯಲ್ಲೂ ಪಕ್ಕಗಳಲ್ಲೂ ಎರಡು ಸೆಂಟಿಮೀಟರ್, ನೆತ್ತಿಯ ಮೇಲೆ ನಾಲ್ಕು ಸೆಂಟಿಮೀಟರ್ ಅಂತರವನ್ನು ನಾನು ಇಟ್ಟುಕೊಂಡೆ. ಈ ಅಂತರವೇ ಶಿರಸ್ತ್ರಾಣದ ಪ್ರಾಣ. ಉಕ್ಕು ಏಟಿನ ಮೊನೆಯನ್ನು ತಡೆಯುತ್ತದೆ. ಏಟಿನ ವೇಗವನ್ನು ಕುಗ್ಗಿಸುವುದು ಮೆತ್ತೆ ಕುಸಿಯುವ ಆ ನಾಲ್ಕು ಸೆಂಟಿಮೀಟರಿನ ದಾರಿ. ಉಕ್ಕು ತಲೆಗೆ ತಾಗಿಕೊಂಡಿದ್ದರೆ ಅದು ಮುರಿಯದೆ ಉಳಿದೀತು, ಒಳಗಿನ ತಲೆ ಉಳಿಯದು.

ಪಕ್ಕದಿಂದ ನೋಡಿದಾಗ ಬ್ಯಾಸಿನೆಟ್‌ನ ತುದಿ ನೆತ್ತಿಯ ನಡುಭಾಗದಲ್ಲಿಲ್ಲ, ಹಿಂದಕ್ಕೆ ಸರಿದಿದೆ. ಹಣೆಯಿಂದ ತುದಿಗೆ ಉದ್ದನೆಯ ಇಳಿಜಾರು. ತುದಿಯಿಂದ ಕತ್ತಿಗೆ ಹೆಚ್ಚುಕಡಿಮೆ ಕಡಿದಾದ ಗೋಡೆ. ಎದುರಿಗೆ ನಿಂತವನು ಮೇಲಿನಿಂದ ಬೀಸುವ ಕತ್ತಿಯಾಗಲಿ, ದೂರದಿಂದ ಇಳಿದುಬರುವ ಬಾಣವಾಗಲಿ ಮೊದಲು ತಾಗುವುದು ಆ ಉದ್ದನೆಯ ಇಳಿಜಾರಿಗೆ. ನಡುವೆ ಮುಂದಿನಿಂದ ಹಿಂದಕ್ಕೆ ಹಾಯುವ ಒಂದು ಸಣ್ಣ ಏಣು ಇರುವುದರಿಂದ ಏಟು ಎಡಕ್ಕೋ ಬಲಕ್ಕೋ ಜಾರಲೇಬೇಕು. ಇಳಿಜಾರಿನ ಲೆಕ್ಕ ಸರಳವಾಗಿದೆ: ತಗಡಿನ ಲಂಬರೇಖೆಗೆ ಅರವತ್ತು ಡಿಗ್ರಿ ಓರೆಯಾಗಿ ಬಂದ ಮೊನೆ ಹಾಯಬೇಕಾದ ಉಕ್ಕಿನ ದಾರಿ ತಗಡಿನ ದಪ್ಪದ ಎರಡರಷ್ಟಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಮೊನೆ ಕಚ್ಚಿಕೊಳ್ಳದೆ ತಪ್ಪಿಹೋಗುತ್ತದೆ. ಆದ್ದರಿಂದ ಪಾರ್ಶ್ವರೇಖೆಯನ್ನು ಬರೆಯುವುದಕ್ಕೆ ನಾನು ಬಹಳ ಸಮಯ ಕೊಟ್ಟೆ. ರಟ್ಟಿನ ಪಟ್ಟಿಗಳನ್ನು ಕತ್ತರಿಸಿ, ಉದ್ದಕ್ಕೆ ಒಂದು ಮತ್ತು ಅಡ್ಡಲಾಗಿ ಮೂರು ಅಚ್ಚುಪಟ್ಟಿಗಳನ್ನು ಮಾಡಿಕೊಂಡು, ಮುಂದಿನ ಇಡೀ ಕೆಲಸವನ್ನು ಆ ಪಟ್ಟಿಗಳಿಗೆ ಹೊಂದಿಸಿ ನೋಡುತ್ತ ನಡೆಸಿದೆ.

ಈಗಿನ ತಯಾರಕರಲ್ಲಿ ಅನೇಕರು ಬ್ಯಾಸಿನೆಟ್‌ನ ಬುರುಡೆಯನ್ನು, ಎಂದರೆ ತಲೆಯನ್ನು ಮುಚ್ಚುವ ಮುಖ್ಯ ಭಾಗವನ್ನು, ಎಡ, ಬಲ ಎಂದು ಎರಡು ಹೋಳುಗಳಾಗಿ ತಗ್ಗಿಸಿ, ನಡುವೆ ವೆಲ್ಡಿಂಗ್ ಮಾಡಿ ಸೇರಿಸುತ್ತಾರೆ. ಅದು ಬೇಗ ಮುಗಿಯುವ ದಾರಿ, ಹೊರಗಿನಿಂದ ನೋಡಿದರೆ ವ್ಯತ್ಯಾಸವೂ ಕಾಣುವುದಿಲ್ಲ. ಆದರೆ ಹಾಗೆ ಮಾಡಿದಾಗ ದಪ್ಪದ ಹಂಚಿಕೆ ತಲೆಕೆಳಗಾಗುತ್ತದೆ. ತಗಡನ್ನು ಮರದ ಗುಳಿಯ ಮೇಲಿಟ್ಟು ಒಳಗಿನಿಂದ ಬಡಿದಾಗ ಅದು ಹಿಗ್ಗುತ್ತದೆ, ಹಿಗ್ಗಿದಲ್ಲಿ ತೆಳುವಾಗುತ್ತದೆ. ಹೀಗೆ ಅತಿ ಹೆಚ್ಚು ತೆಳುವಾಗುವುದು ಅತಿ ಹೆಚ್ಚು ಉಬ್ಬಿದ ಭಾಗ, ಎಂದರೆ ಏಟು ಬೀಳುವ ಭಾಗ. ಹಳೆಯ ಶಿರಸ್ತ್ರಾಣಗಳಲ್ಲಿ ಇರುವುದು ಇದಕ್ಕೆ ವಿರುದ್ಧ: ಹಣೆ ಮತ್ತು ನೆತ್ತಿ ದಪ್ಪ, ಪಕ್ಕ ಮತ್ತು ಹಿಂಭಾಗ ತೆಳು. ಆ ಕಾಲದ ಕಮ್ಮಾರನಿಗೆ ಸಮದಪ್ಪದ ಕಾರ್ಖಾನೆ ತಗಡು ಸಿಗುತ್ತಿರಲಿಲ್ಲ. ಉಕ್ಕಿನ ಗಟ್ಟಿಯನ್ನು ಬಡಿದು ಹರಡಿ ತಗಡು ಮಾಡುತ್ತಿದ್ದುದರಿಂದ, ಬೇಕಾದಲ್ಲಿ ಲೋಹವನ್ನು ಉಳಿಸಿಕೊಳ್ಳುವುದು ಅವನ ಕೈಯಲ್ಲಿತ್ತು. ಬಾಗುವಿಕೆಗೆ ತಡೆಯೊಡ್ಡುವ ಬಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಂದೂಕಾಲು ಮಿಲಿಮೀಟರ್ ತಗಡಿಗಿಂತ ಎರಡೂವರೆ ಮಿಲಿಮೀಟರ್ ತಗಡು ನಾಲ್ಕರಷ್ಟು ಗಟ್ಟಿ. ಹೀಗಿರುವಾಗ ಒಟ್ಟು ತೂಕವನ್ನು ಹೆಚ್ಚಿಸದೆ, ಇರುವ ಉಕ್ಕನ್ನೇ ಏಟು ಬೀಳುವ ಕಡೆಗೆ ಸೇರಿಸಿಡುವುದು ಎಷ್ಟು ದೊಡ್ಡ ಲಾಭವೆಂಬುದು ತಿಳಿಯುತ್ತದೆ.

ಆದ್ದರಿಂದ ನಾನು ಆರಿಸಿಕೊಂಡದ್ದು ಹೊರಗಿನಿಂದ ಬಡಿದು ಲೋಹವನ್ನು ಒಳಕ್ಕೆ ಕುಗ್ಗಿಸುವ ಪದ್ಧತಿಯನ್ನು. ನಮ್ಮ ಕಂಚುಗಾರರು ತಾಮ್ರದ ಕೊಡವನ್ನು ಎತ್ತುವುದೂ ಇದೇ ಕ್ರಮದಿಂದ, ಹುಬ್ಬಳ್ಳಿಯ ದಿನಗಳಲ್ಲಿ ನಾನು ಅದನ್ನು ನೋಡಿ ಬಲ್ಲೆ. ಆದರೆ ತಾಮ್ರವನ್ನು ಒಮ್ಮೆ ಕಾಯಿಸಿ ತಣಿಸಿದ ಮೇಲೆ ಬಹಳ ಹೊತ್ತು ತಣ್ಣಗೇ ಬಡಿಯಬಹುದು. ಈ ದಪ್ಪದ ಉಕ್ಕನ್ನು ಇಷ್ಟು ಆಳಕ್ಕೆ ಇಳಿಸಬೇಕಾದರೆ ಕೆಂಪಗೆ ಕಾದಿರುವಾಗಲೇ ಬಡಿಯಬೇಕು. ಎರಡೂವರೆ ಮಿಲಿಮೀಟರ್ ದಪ್ಪದ, ಇಂಗಾಲ ಕಡಿಮೆ ಇರುವ ಉಕ್ಕಿನ ತಗಡಿನಿಂದ ಸುಮಾರು ಅರ್ಧ ಮೀಟರ್ ಅಗಲದ, ಸ್ವಲ್ಪ ಅಂಡಾಕಾರದ ಬಿಲ್ಲೆಯನ್ನು ಕತ್ತರಿಸಿ, ಅಂಚನ್ನು ಅರದಿಂದ ಚೆನ್ನಾಗಿ ನಯಗೊಳಿಸಿದೆ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಉಳಿದರೂ ಮುಂದೆ ಅಲ್ಲಿಂದಲೇ ಸೀಳು ಶುರುವಾಗುತ್ತದೆ. ನಡುವಿನಿಂದ ಹೊರಕ್ಕೆ ಬೆರಳಗಲದ ಅಂತರದಲ್ಲಿ ಸುತ್ತುಗೆರೆಗಳನ್ನು ಉಕ್ಕಿನ ಮೊಳೆಯಿಂದ ಗೀರಿಕೊಂಡೆ; ಸೀಮೆಸುಣ್ಣದ ಗೆರೆ ಕುಲುಮೆಯ ಶಾಖಕ್ಕೆ ಉಳಿಯುವುದಿಲ್ಲ.

ಬಡಿಯುವ ಕ್ರಮ ಹೀಗಿದೆ. ಅಡೆಗಲ್ಲಿನ ಪಕ್ಕದಲ್ಲಿ ಗಟ್ಟಿಯಾಗಿ ನಿಲ್ಲಿಸಿದ, ತಲೆ ಉರುಟಾಗಿರುವ ಉಕ್ಕಿನ ಗೂಟವೊಂದಿರುತ್ತದೆ. ಕಸುಬಿನವರು ಅದನ್ನು ಸ್ಟೇಕ್ ಎನ್ನುತ್ತಾರೆ. ಬಿಲ್ಲೆಯ ಒಂದು ಅಂಗೈಯಗಲದ ಭಾಗವನ್ನು ಗ್ಯಾಸ್ ಜ್ವಾಲೆಯಲ್ಲಿ ಕಿತ್ತಳೆ ಬಣ್ಣ ಬರುವ ತನಕ ಕಾಯಿಸಿ, ಇಕ್ಕಳದಿಂದ ಹಿಡಿದು, ಗೀರಿದ ಗೆರೆ ಸ್ಟೇಕ್‌ನ ತಲೆಗೆ ಸರಿಯಾಗಿ ತಾಗುವಂತೆ ಓರೆಯಾಗಿ ಇಡಬೇಕು. ಸುತ್ತಿಗೆಯ ಪೆಟ್ಟು ಬೀಳಬೇಕಾದುದು ತಗಡು ಸ್ಟೇಕ್‌ಗೆ ತಾಗಿದ ಜಾಗದ ಮೇಲಲ್ಲ, ಅದಕ್ಕಿಂತ ಒಂದು ಕೂದಲೆಳೆ ಆಚೆ, ತಗಡಿನ ಕೆಳಗೆ ಗಾಳಿ ಮಾತ್ರ ಇರುವಲ್ಲಿ. ತಾಗಿದ ಜಾಗದ ಮೇಲೆ ಹೊಡೆದರೆ ಉಕ್ಕು ಎರಡು ಲೋಹಗಳ ನಡುವೆ ಸಿಕ್ಕಿ ಹಿಂಡಿ ತೆಳುವಾಗುತ್ತದೆ. ತೀರ ದೂರ ಹೊಡೆದರೆ ತಗಡು ಸುಮ್ಮನೆ ಮಡಚಿಕೊಳ್ಳುತ್ತದೆ. ಸರಿಯಾದ ಜಾಗದಲ್ಲಿ ಬಿದ್ದ ಪೆಟ್ಟಿನ ಶಬ್ದವೇ ಬೇರೆ, ಮಂದವಾಗಿ, ಪ್ರತಿಧ್ವನಿಯಿಲ್ಲದೆ ಬರುತ್ತದೆ. ಕಣ್ಣಿಗಿಂತ ಕಿವಿಯೇ ಈ ಕೆಲಸದಲ್ಲಿ ಒಳ್ಳೆಯ ಮಾರ್ಗದರ್ಶಿ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಹೀಗೆ ಒಂದು ಸುತ್ತು ಮುಗಿದ ಮೇಲೆ ಮುಂದಿನ ಗೆರೆ. ಅಂಚಿನವರೆಗೆ ಹೋದ ಮೇಲೆ ಮತ್ತೆ ನಡುವಿನಿಂದ ಆರಂಭ. ಪ್ರತಿ ಆವರ್ತನೆಯಲ್ಲಿ ಬಿಲ್ಲೆ ಬೋಗುಣಿಯಾಗಿ, ಬೋಗುಣಿ ಬಾನಿಯಾಗಿ ಆಳ ಪಡೆಯುತ್ತ ಹೋಗುತ್ತದೆ.

ಸುತ್ತಳತೆ ಕುಗ್ಗುತ್ತ ಬಂದಂತೆ ಅಂಚಿನಲ್ಲಿ ಹೆಚ್ಚಾದ ಲೋಹಕ್ಕೆ ಹೋಗಲು ಜಾಗವಿಲ್ಲದೆ ಅಲೆಯಂತೆ ಸುಕ್ಕುಗಳು ಏಳುತ್ತವೆ. ಸುಕ್ಕಿನ ಎರಡು ಮಗ್ಗುಲುಗಳು ಒಂದಕ್ಕೊಂದು ಒರಗಿಕೊಳ್ಳುವ ಮೊದಲೇ ಅದನ್ನು ಕಾಯಿಸಿ, ಮುಚ್ಚಿದ ತುದಿಯಿಂದ ಅಂಚಿನ ಕಡೆಗೆ ಬಡಿಯುತ್ತ ಲೋಹವನ್ನು ಅದರೊಳಕ್ಕೇ ಕುಗ್ಗಿಸಬೇಕು. ಮಡಿಕೆ ಬಿದ್ದುಹೋದರೆ ಅಲ್ಲಿ ಉಕ್ಕು ಒಂದಾಗುವುದಿಲ್ಲ, ಒಳಗೊಂದು ಬಿರುಕು ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ ಶಾಖದ್ದು. ಕೆಂಪು ಪೂರ್ತಿ ಮಾಸಿದ ಮೇಲೆ ಬಡಿತ ನಿಲ್ಲಿಸಲೇಬೇಕು. ಸುಮಾರು ಇನ್ನೂರರಿಂದ ನಾನೂರು ಡಿಗ್ರಿ ಸೆಲ್ಸಿಯಸ್ ನಡುವೆ, ಉಕ್ಕಿನ ಮೇಲೆ ನೀಲಿ ಛಾಯೆ ಮೂಡುವ ಹಂತದಲ್ಲಿ, ಅದು ತಣ್ಣಗಿರುವಾಗಿಗಿಂತಲೂ ಹೆಚ್ಚು ಪೆಡಸಾಗಿರುತ್ತದೆ. ನೋಡಲು ಇನ್ನೂ ಬಿಸಿ ಇದೆ, ಬಡಿಯಬಹುದು ಎನ್ನಿಸುವ ಹೊತ್ತೇ ಸೀಳು ಬಿಡುವ ಹೊತ್ತು.

ಬುರುಡೆಯ ಸ್ಥೂಲ ಆಕಾರ ಬಂದ ಮೇಲೆ ತುದಿಯನ್ನು ಹಿಂದಕ್ಕೆ ಸರಿಸುವ ಕೆಲಸ ಉಳಿಯಿತು. ಅದಕ್ಕೆ ಹಿಂಭಾಗವನ್ನು ಮಾತ್ರ ಹೆಚ್ಚು ಸುತ್ತು ಬಡಿದು, ಗೋಡೆಯನ್ನು ಕಡಿದಾಗಿಸಿ, ಹಣೆಯ ಕಡೆಯ ಇಳಿಜಾರನ್ನು ಹಾಗೆಯೇ ಬಿಡಬೇಕು. ಆಮೇಲೆ ಚಪ್ಪಟೆ ಮುಖದ, ಕನ್ನಡಿಯಂತೆ ನಯಗೊಳಿಸಿದ ಸುತ್ತಿಗೆಯಿಂದ ತಣ್ಣಗೆ, ಹಗುರವಾಗಿ, ಒಂದರ ಮೇಲೊಂದು ಸ್ವಲ್ಪ ಸೇರುವಂತೆ ಪೆಟ್ಟು ಹಾಕುತ್ತ ಇಡೀ ಮೈಯನ್ನು ಸಮಗೊಳಿಸಿದೆ. ಪಕ್ಕಗಳನ್ನೂ ಹಿಂಭಾಗವನ್ನೂ ಇದೇ ಹಂತದಲ್ಲಿ ಹಿಗ್ಗಿಸಿ ತೆಳುವಾಗಿಸಿ, ಉಳಿದುದನ್ನು ಅರದಿಂದ ಇಳಿಸಿದೆ. ಕಾರ್ಖಾನೆಯಲ್ಲಿ ಪೈಪುಗಳ ಸವೆತ ಅಳೆಯಲು ಬಳಸುವ ಅಲ್ಟ್ರಾಸಾನಿಕ್ ಮಾಪಕದಿಂದ ಅಳೆದಾಗ ನೆತ್ತಿ ಮತ್ತು ಹಣೆಯಲ್ಲಿ 2.3ರಿಂದ 2.4 ಮಿಲಿಮೀಟರ್, ಕಿವಿಯ ಬಳಿ 1.6, ಕತ್ತಿನ ಹಿಂದೆ 1.4 ಸಿಕ್ಕಿತು. ನಾನು ಬಯಸಿದ ಹಂಚಿಕೆ ಇದೇ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು, ಹೊರಗೆ ಯಾರಿಗೂ ಕಾಣದ ಈ ಅಂಕಿಗಳು.

ಉಕ್ಕಿಗೆ ನೀರು ಕುಡಿಸಿ ಹದಗೊಳಿಸುವ ಗೊಡವೆಗೆ ನಾನು ಹೋಗಲಿಲ್ಲ. ಇಷ್ಟು ಕಡಿಮೆ ಇಂಗಾಲದ ಉಕ್ಕಿನಲ್ಲಿ ಅದರಿಂದ ಹೇಳಿಕೊಳ್ಳುವಂಥ ಫಲವಿಲ್ಲ. ಹಳೆಯ ಕವಚಗಳ ಲೋಹವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದವರಿಗೆ ಕಂಡದ್ದೂ ಏಕರೂಪವಾಗಿಲ್ಲ: ಕೆಲವು ಬರಿಯ ಮೆತು ಕಬ್ಬಿಣ, ಕೆಲವು ಒಳ್ಳೆಯ ಉಕ್ಕು, ಉತ್ತರ ಇಟಲಿಯ ಲೊಂಬಾರ್ಡಿಯ ಉತ್ತಮ ಕೆಲಸಗಳಲ್ಲಿ ಕೆಲವು ತಣಿಸಿ ಗಡುಸುಗೊಳಿಸಿದವು.

ಮುಖದ ತೆರಪನ್ನು ಕೊರೆದದ್ದು ಆಮೇಲೆ. ಮೊದಲೇ ಕೊರೆದರೆ ಬಡಿಯುವಾಗ ಅದರ ಅಂಚು ಬಾಗಿ ಆಕಾರ ಕೆಡುತ್ತದೆ. ತೆರಪು ಹುಬ್ಬಿನ ಮೇಲಿಂದ ಆರಂಭವಾಗಿ ಕೆನ್ನೆಯ ಪಕ್ಕದಲ್ಲಿ ಇಳಿಯುತ್ತದೆ. ಕೆಳಗಿನ ಅಂಚು ಹೆಗಲಿಗೆ ತಾಗದಂತೆ, ತಲೆ ತಿರುಗಿಸಿದಾಗ ಕತ್ತಿನ ಎಲುಬಿಗೆ ಬಡಿಯದಂತೆ ಇರಬೇಕು. ತೆರಪಿನ ಸುತ್ತ ಮತ್ತು ಕೆಳಂಚಿನ ಉದ್ದಕ್ಕೂ ಒಳಮೆತ್ತೆಯನ್ನು ಹೊಲಿಯಲು ಸಣ್ಣ ತೂತುಗಳ ಸಾಲನ್ನು ಕೊರೆದೆ. ಪ್ರತಿ ತೂತಿನ ಬಾಯಿಯನ್ನು ಎರಡೂ ಕಡೆ ಸವರಿ ಉರುಟಾಗಿಸದಿದ್ದರೆ ದಾರ ಕತ್ತರಿಸಿಹೋಗುತ್ತದೆ.

ಬ್ಯಾಸಿನೆಟ್‌ನ ಅಂಚಿನಲ್ಲಿ ಸಾಲಾಗಿ ನಿಂತಿರುವ ಪುಟ್ಟ ಹಿತ್ತಾಳೆ ಗುಬ್ಬಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಮಧ್ಯಯುಗದ ಕಮ್ಮಾರನ ಜಾಣ್ಮೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ನನಗೆ ಕಂಡಿಲ್ಲ. ಇವುಗಳ ಹೆಸರು ವರ್ವೆಲ್. ಕತ್ತು ಮತ್ತು ಗಂಟಲನ್ನು ಕಾಯುವುದು ಅವೆಂಟೇಲ್ ಎಂಬ ಉಕ್ಕಿನ ಬಳೆಗಳ ಜಾಲ; ಅದನ್ನು ಶಿರಸ್ತ್ರಾಣಕ್ಕೆ ತೂಗುಹಾಕುವ ಸಾಧನ ವರ್ವೆಲ್. ಜಾಲದ ಮೇಲಂಚನ್ನು ಒಂದು ಚರ್ಮದ ಪಟ್ಟಿಗೆ ಹೊಲಿದಿರುತ್ತಾರೆ. ಪಟ್ಟಿಯಲ್ಲಿರುವ ತೂತುಗಳು ವರ್ವೆಲ್‌ಗಳ ಮೇಲೆ ಸರಿಯಾಗಿ ಕೂರುತ್ತವೆ. ಪಟ್ಟಿಯಿಂದ ಹೊರಗೆ ಚಾಚಿದ ಪ್ರತಿ ವರ್ವೆಲ್‌ನ ತಲೆಯಲ್ಲಿ ಅಡ್ಡಲಾಗಿ ಒಂದು ತೂತಿದೆ. ಆ ತೂತುಗಳ ಮೂಲಕ ಒಂದು ಹುರಿಯನ್ನೋ ತಂತಿಯನ್ನೋ ಒಂದು ತುದಿಯಿಂದ ಇನ್ನೊಂದು ತುದಿಗೆ ಪೋಣಿಸಿದರೆ ಇಡೀ ಜಾಲ ಭದ್ರವಾಗಿ ನಿಲ್ಲುತ್ತದೆ. ಹುರಿಯನ್ನು ಎಳೆದು ತೆಗೆದರೆ ಜಾಲವೆಲ್ಲ ಒಟ್ಟಿಗೆ ಕಳಚಿ ಬರುತ್ತದೆ. ಉಕ್ಕಿನ ಜಾಲ ಬಹುಬೇಗ ತುಕ್ಕು ಹಿಡಿಯುವ ವಸ್ತು. ಅದನ್ನು ತೆಗೆದು ಶುಚಿ ಮಾಡಲು, ಚರ್ಮ ಹಳತಾದಾಗ ಬದಲಿಸಲು ಇದಕ್ಕಿಂತ ಸರಳವಾದ ಏರ್ಪಾಡು ಸಾಧ್ಯವಿಲ್ಲ. ನಾನು ಹಿತ್ತಾಳೆಯ ಸರಳನ್ನು ಲೇತ್‌ನಲ್ಲಿ ತಿರುಗಿಸಿ ಒಂದೊಂದು ವರ್ವೆಲ್ಲನ್ನು ಮಾಡಿ, ಅಡ್ಡತೂತು ಕೊರೆದು, ಬುರುಡೆಯ ತೂತಿನಲ್ಲಿ ಕೂರಿಸಿ ಒಳಗಿನಿಂದ ರಿವೆಟ್ಟಿನಂತೆ ತಟ್ಟಿ ಹರಡಿದೆ. ತಟ್ಟುವಾಗ ಅವು ತಿರುಗದಂತೆ ನೋಡಿಕೊಳ್ಳಬೇಕು. ಎಲ್ಲ ಅಡ್ಡತೂತುಗಳು ಒಂದೇ ಸಾಲಿಗೆ ಬಂದರೆ ಮಾತ್ರ ಹುರಿ ಹಾಯುತ್ತದೆ.

ವೈಸರ್‌ನ ಕೆಲಸ ಬುರುಡೆಯದಕ್ಕಿಂತ ಸಣ್ಣದು, ಆದರೆ ಅಲ್ಲಿ ತೀರ್ಮಾನಗಳು ಹೆಚ್ಚು. ಜರ್ಮನ್ ನುಡಿಯಲ್ಲಿ ಹುಂಡ್ಸ್‌ಗುಗೆಲ್ ಎಂದು ಕರೆಯುವ ಈ ಚೂಪು ಮೂತಿಯನ್ನು ವಿಚಿತ್ರ ಅಲಂಕಾರವೆಂದು ತಿಳಿಯುವವರಿದ್ದಾರೆ. ಅದು ಮಾಡುವ ಕೆಲಸ ಎರಡು: ಮುಖದ ನಟ್ಟನಡುವೆ ಬಂದ ಭರ್ಜಿಯ ಮೊನೆಯನ್ನು ಪಕ್ಕಕ್ಕೆ ತಳ್ಳುತ್ತದೆ, ಮತ್ತು ಬಾಯಿಯ ಮುಂದೆ ಗಾಳಿಗೆ ಜಾಗ ಮಾಡಿಕೊಡುತ್ತದೆ. ಎರಡು ಮಿಲಿಮೀಟರ್ ತಗಡನ್ನು ಉದ್ದನೆಯ ಶಂಕುವಿನಾಕಾರದ ಸ್ಟೇಕ್ ಮೇಲೆ ಬಡಿದು ಮೂತಿಯನ್ನು ಎಬ್ಬಿಸಿ, ಅದರ ಅಂಚು ಬುರುಡೆಯ ತೆರಪಿಗೆ ಎಲ್ಲೂ ಸಂದಿಯಿಲ್ಲದಂತೆ ಕೂರುವವರೆಗೆ ಹೊಂದಿಸುತ್ತ ಹೋದೆ. ಇದು ತಾಳ್ಮೆಯ ಕೆಲಸ, ಬೇರೆ ಗುಟ್ಟೇನೂ ಇಲ್ಲ.

ಕಣ್ಣಿನ ಸೀಳು ಎಷ್ಟು ಅಗಲವಿರಬೇಕು ಎಂಬ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದೆ. 1403ರ ಶ್ರೂಸ್‌ಬರಿ ಯುದ್ಧದಲ್ಲಿ, ಮುಂದೆ ಇಂಗ್ಲೆಂಡಿನ ಐದನೆಯ ಹೆನ್ರಿಯಾಗಲಿದ್ದ ಹದಿನಾರರ ರಾಜಕುಮಾರನ ಮುಖಕ್ಕೆ ಬಾಣ ನೆಟ್ಟಿತು. ಜಾನ್ ಬ್ರಾಡ್‌ಮೋರ್ ಎಂಬ ಶಸ್ತ್ರವೈದ್ಯ ಅದಕ್ಕೆಂದೇ ಒಂದು ಸಲಕರಣೆಯನ್ನು ರೂಪಿಸಿ ಮೊನೆಯನ್ನು ಹೊರತೆಗೆದು ಅವನನ್ನು ಉಳಿಸಿದ. 1559ರಲ್ಲಿ ಫ್ರಾನ್ಸಿನ ದೊರೆ ಎರಡನೆಯ ಹೆನ್ರಿಗೆ ಆ ಅದೃಷ್ಟ ಇರಲಿಲ್ಲ. ಕ್ರೀಡಾಕಾಳಗದಲ್ಲಿ ಮುರಿದ ಭರ್ಜಿಯ ಚೂರೊಂದು ಶಿರಸ್ತ್ರಾಣದ ಮುಖದ್ವಾರದ ಮೂಲಕ ಹೊಕ್ಕು ಅವನ ಪ್ರಾಣ ತೆಗೆಯಿತು. ಸೀಳಿನ ಅಗಲದ ಒಂದೊಂದು ಮಿಲಿಮೀಟರಿಗೂ ಇಂಥ ಬೆಲೆಯಿದೆ. ನಾನು ಎಂಟು ಮಿಲಿಮೀಟರ್ ಇಟ್ಟೆ. ಸೀಳು ಕಣ್ಣಿನಿಂದ ಐದು ಸೆಂಟಿಮೀಟರ್ ಮುಂದೆ ಇರುವುದರಿಂದ ಮೇಲಿಂದ ಕೆಳಕ್ಕೆ ಒಂಬತ್ತು ಡಿಗ್ರಿಯಷ್ಟು ಮಾತ್ರ ನೇರವಾಗಿ ಕಾಣುತ್ತದೆ. ಎಡಬಲಕ್ಕೆ ಚೆನ್ನಾಗಿಯೇ ಕಾಣುತ್ತದೆ, ತನ್ನ ಪಾದ ತನಗೆ ಕಾಣುವುದಿಲ್ಲ. ಸೀಳಿನ ಅಂಚುಗಳನ್ನು ಹೊರಕ್ಕೆ ತುಟಿಯಂತೆ ಎಬ್ಬಿಸಿರುವುದು ಹಳೆಯ ವೈಸರ್‌ಗಳ ಲಕ್ಷಣ. ತಗಡಿನ ಮೇಲೆ ಜಾರಿಬಂದ ಮೊನೆ ಆ ಒಡ್ಡಿಗೆ ತಾಗಿ ನಿಲ್ಲುತ್ತದೆ ಅಥವಾ ಹಾರಿಹೋಗುತ್ತದೆ, ಸೀಳಿನೊಳಕ್ಕೆ ಇಳಿಯುವುದಿಲ್ಲ. ಸೀಳನ್ನು ಬೇಕಾದುದಕ್ಕಿಂತ ಕಿರಿದಾಗಿ ಕೊರೆದು, ಅಂಚನ್ನು ಕಾಯಿಸಿ ಒಳಗಿನಿಂದ ಉಳಿಯಂಥ ಮೊಂಡು ಹತ್ಯಾರದಿಂದ ಹೊರಕ್ಕೆ ತಳ್ಳುತ್ತ ಆ ತುಟಿಯನ್ನು ತೆಗೆದೆ.

ಉಸಿರಿನ ತೂತುಗಳನ್ನು ಬಲಗಡೆ ಮಾತ್ರ ಕೊರೆದೆ. ಭರ್ಜಿಯನ್ನು ಬಲಗೈಯಲ್ಲಿ ಹಿಡಿದು ಕುದುರೆಯ ಕತ್ತಿನ ಮೇಲಿಂದ ಎಡಕ್ಕೆ ಚಾಚಿ ನುಗ್ಗುವ ಸವಾರರಿಬ್ಬರು ಎದುರಾದಾಗ ಪರಸ್ಪರ ಒಡ್ಡಿಕೊಳ್ಳುವುದು ಎಡಮಗ್ಗುಲನ್ನು; ಆದ್ದರಿಂದ ಎಡಗಡೆಯ ಉಕ್ಕಿನಲ್ಲಿ ತೂತು ಮಾಡಿ ಅದನ್ನು ದುರ್ಬಲಗೊಳಿಸಬಾರದು, ಭರ್ಜಿಯ ಮೊನೆಗೆ ಕಚ್ಚಿಕೊಳ್ಳಲು ಆಸರೆ ಕೊಡಬಾರದು. ಕ್ಯಾಂಟರ್ಬರಿಯ ಬ್ಲ್ಯಾಕ್ ಪ್ರಿನ್ಸ್ ಹೆಲ್ಮಿನಲ್ಲಿಯೂ ಬಲಗಡೆಯೇ ಕಿರೀಟದ ಆಕಾರದಲ್ಲಿ ತೂತುಗಳಿವೆ. ರಾಜಕುಮಾರನ ಘನತೆಗೆ ತಕ್ಕ ಅಲಂಕಾರವನ್ನೂ ಕಮ್ಮಾರ ಸುರಕ್ಷಿತವಾದ ಮಗ್ಗುಲಿನಲ್ಲೇ ಇಟ್ಟಿದ್ದಾನೆ.

ವೈಸರ್ ಜೋಡಣೆಗೆ ಆಗ ಎರಡು ಕ್ರಮಗಳಿದ್ದವು. ಜರ್ಮನ್ ನಾಡುಗಳಲ್ಲಿ ಹೆಚ್ಚಾಗಿ ಹಣೆಯ ಮಧ್ಯದಲ್ಲಿ ಒಂದೇ ಕೀಲಿನಿಂದ ತೂಗುಹಾಕುತ್ತಿದ್ದರು. ಇಟಲಿಯ ಕ್ರಮದಲ್ಲಿ ಎರಡು ಪಕ್ಕಗಳಲ್ಲಿ ತಿರುಗುಗೂಟಗಳಿದ್ದು, ಒಂದೊಂದಕ್ಕೂ ಎಳೆದು ತೆಗೆಯಬಹುದಾದ ಕಡ್ಡಿಯಿರುವ ಸಣ್ಣ ತಿರುಗಣಿ ಇರುತ್ತದೆ. ನಾನು ಎರಡನೆಯದನ್ನು ಆರಿಸಿಕೊಂಡೆ. ಕಡ್ಡಿಗಳನ್ನು ಎಳೆದರೆ ವೈಸರ್ ಪೂರ್ತಿ ಕಳಚಿ ಬರುತ್ತದೆ. ಕಾಲಾಳುಗಳ ನಡುವೆ ನಿಂತು ಆಜ್ಞೆ ಕೊಡಬೇಕಾದವನಿಗೆ, ಉಸಿರಿಗೆ ತತ್ತರಿಸಿದವನಿಗೆ ಇದು ದೊಡ್ಡ ಅನುಕೂಲ. ಎರಡು ಗೂಟಗಳ ಅಕ್ಷ ಒಂದೇ ನೇರದಲ್ಲಿ ಇರಬೇಕು ಎಂಬುದೇ ಇಲ್ಲಿನ ಕಷ್ಟ. ಬುರುಡೆಯ ಎರಡು ಪಕ್ಕಗಳು ಎಷ್ಟು ಸಮವೆನಿಸಿದರೂ ಕೈಕೆಲಸದಲ್ಲಿ ಪೂರ್ತಿ ಸಮವಾಗಿರುವುದಿಲ್ಲ. ಆದ್ದರಿಂದ ಉದ್ದನೆಯ ಸರಳೊಂದನ್ನು ಎರಡೂ ತೂತುಗಳಲ್ಲಿ ಹಾಯಿಸಿ, ವೈಸರ್ ಎತ್ತಿ ಇಳಿಸಿ ನೋಡಿ, ಆಮೇಲೆ ಗೂಟಗಳನ್ನು ರಿವೆಟ್ ಮಾಡಿದೆ.

ಒಳಮೆತ್ತೆಯನ್ನು ದಪ್ಪ ಲಿನನ್ ಬಟ್ಟೆಯ ಎರಡು ಪದರಗಳ ನಡುವೆ ಹತ್ತಿ ತುಂಬಿ, ಉದ್ದುದ್ದ ಸಾಲುಗಳಾಗಿ ಒತ್ತಾಗಿ ಹೊಲಿದು ಮಾಡಿದೆ. ಅದರ ಮೇಲ್ಭಾಗ ಹಲವು ಎಸಳುಗಳಾಗಿದ್ದು, ಎಸಳುಗಳ ತುದಿಗಳನ್ನು ಒಂದು ದಾರ ಸೇರಿಸಿ ಹಿಡಿಯುತ್ತದೆ. ದಾರವನ್ನು ಬಿಗಿದರೆ ತಲೆ ಕೆಳಗೆ ಕೂರುತ್ತದೆ, ಸಡಿಲಿಸಿದರೆ ಮೇಲಕ್ಕೆ ಹೋಗುತ್ತದೆ. ಕಣ್ಣು ಸೀಳಿಗೆ ಸರಿಯಾಗಿ ಎದುರಾಗುವಂತೆ ಮಾಡುವುದು ಈ ದಾರವೇ. ನೆತ್ತಿಗೂ ಉಕ್ಕಿಗೂ ನಡುವಿನ ನಾಲ್ಕು ಸೆಂಟಿಮೀಟರನ್ನು ಕಾಯುವುದೂ ಅದೇ, ಏಕೆಂದರೆ ತಲೆ ಉಕ್ಕಿನ ಮೇಲೆ ಒರಗದೆ ಎಸಳುಗಳ ತೊಟ್ಟಿಲಿನಲ್ಲಿ ತೂಗಿಕೊಂಡಿರುತ್ತದೆ.

ಅವೆಂಟೇಲ್‌ನ ಬಳೆಗಳನ್ನು ಒಂದೊಂದಾಗಿ ರಿವೆಟ್ ಮಾಡುವುದು ಬೇರೆಯೇ ಕಸುಬು. ಅದನ್ನು ನಾನು ಸಿದ್ಧವಾಗಿ ಕೊಂಡು ಚರ್ಮದ ಪಟ್ಟಿಗೆ ಹೊಲಿದೆ. ಬುರುಡೆ, ವೈಸರ್ ಮತ್ತು ಮೆತ್ತೆ ಸೇರಿ ಮೂರು ಕೆಜಿಗೆ ಸ್ವಲ್ಪ ಕಡಿಮೆ. ಜಾಲವೊಂದೇ ಸುಮಾರು ಎರಡು ಕೆಜಿ. ತೊಟ್ಟು ಅಭ್ಯಾಸ ಮಾಡಿದಾಗ ದಣಿವು ತಂದದ್ದು ಉಕ್ಕಿಗಿಂತ ಈ ಜಾಲ. ಅದರ ಒಂದು ಭಾಗ ಹೆಗಲಿನ ಮೇಲೆ ಒರಗಿದರೂ ಉಳಿದ ಭಾರವೆಲ್ಲ ತಲೆಗೇ ತೂಗುತ್ತದೆ, ತಲೆ ತಿರುಗಿಸಿದಾಗಲೆಲ್ಲ ಹಿಂದಕ್ಕೆ ಎಳೆಯುತ್ತದೆ. ಹದಿನೈದನೆಯ ಶತಮಾನದ ಆರಂಭದಲ್ಲಿಯೇ ಕಮ್ಮಾರರು ಜಾಲವನ್ನು ಬಿಟ್ಟು, ಹೆಗಲು ಮತ್ತು ಎದೆಗಳ ಮೇಲೆ ಕೂರುವ ಉಕ್ಕಿನ ತಗಡಿನ ಕೊರಳಪಟ್ಟಿಯುಳ್ಳ ಗ್ರೇಟ್ ಬ್ಯಾಸಿನೆಟ್ ಕಡೆಗೆ ಏಕೆ ಸರಿದರೆಂಬುದು ನನಗೆ ಅರ್ಥವಾದದ್ದು ಈ ಅಭ್ಯಾಸದಲ್ಲಿ. ಅದರಲ್ಲಿ ಭಾರ ಮೈಗೆ ಇಳಿಯುತ್ತದೆ, ಆದರೆ ತಲೆಯನ್ನು ಸಲೀಸಾಗಿ ತಿರುಗಿಸುವ ಸ್ವಾತಂತ್ರ್ಯ ಹೋಗುತ್ತದೆ. ಉಸಿರಿನ ವಿಚಾರವನ್ನೂ ಹೇಳಬೇಕು. ಪೂರ್ಣಕವಚ ತೊಟ್ಟು ನಡೆಯುವವನಿಗೆ ಸುಮಾರು ಎರಡರಷ್ಟು ಶಕ್ತಿ ವ್ಯಯವಾಗುತ್ತದೆಂದು 2011ರಲ್ಲಿ ಪ್ರಕಟವಾದ, ಲೀಡ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಡೆಸಿದ ಅಧ್ಯಯನ ತೋರಿಸಿದೆ. ಅಷ್ಟು ಗಾಳಿ ಬೇಕಾದ ದೇಹಕ್ಕೆ ವೈಸರ್ ಮುಚ್ಚಿದಾಗ ಸಿಗುವುದು ಬಲಗಡೆಯ ತೂತುಗಳಿಂದ, ಬಾಯಿಯ ಸಂದಿನಿಂದ ಬರುವಷ್ಟು. ತಾನು ಬಿಟ್ಟ ಬಿಸಿಯುಸಿರೇ ಮೂತಿಯೊಳಗೆ ಸುತ್ತಿ ಮುಖಕ್ಕೆ ಬಡಿಯುತ್ತದೆ. ಕೆಲವೇ ನಿಮಿಷಗಳ ಬಿರುಸಿನ ಅಭ್ಯಾಸದ ಬಳಿಕ ಕೈ ತಾನಾಗಿಯೇ ವೈಸರ್ ಎತ್ತಲು ಹೋಗುತ್ತದೆ.

ಪರೀಕ್ಷೆಗಾಗಿ ಶಿರಸ್ತ್ರಾಣವನ್ನು ಮರದ ತಲೆಯೊಂದಕ್ಕೆ ಹಾಕಿ, ಮೊಂಡು ಕತ್ತಿಯಿಂದಲೂ ಸಣ್ಣ ಗದೆಯಿಂದಲೂ ಹೊಡೆದು ನೋಡಿದೆ. ಕತ್ತಿಯ ಏಟುಗಳು ಹಣೆಯ ಇಳಿಜಾರಿನಲ್ಲಿ ಗೀರು ಮೂಡಿಸಿ ಪಕ್ಕಕ್ಕೆ ಜಾರಿದವು. ಗದೆಯ ಏಟಿಗೆ ನೆತ್ತಿಯ ಬಳಿ ಗುರುತಿಸಲೂ ಕಷ್ಟವಾಗುವಷ್ಟು ಸಣ್ಣ ತಗ್ಗು ಬಿತ್ತು. ಅದೇ ಏಟಿಗೆ ಕಿವಿಯ ಬಳಿಯ ತೆಳು ಭಾಗದಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿಯಾಯಿತು. ಅಲ್ಲಿಯೂ ಉಕ್ಕು ಮೆತ್ತೆಯನ್ನು ದಾಟಿ ಮರಕ್ಕೆ ತಾಗಲಿಲ್ಲ. ಗುಳಿಯನ್ನು ಒಳಗಿನಿಂದ ಸ್ಟೇಕ್ ಮೇಲೆ ತಟ್ಟಿ ಸರಿಪಡಿಸಿದೆ, ಹಳೆಯ ಕಾಲದಲ್ಲಿ ಸೈನ್ಯದ ಜೊತೆ ಹೋಗುತ್ತಿದ್ದ ಕಮ್ಮಾರರು ಮಾಡುತ್ತಿದ್ದುದೂ ಇದನ್ನೇ.

ಈ ಕೆಲಸಕ್ಕೆ ಕೈಹಾಕುವವರು ಒಳಮೆತ್ತೆಯನ್ನು ಮೊದಲು ಹೊಲಿದುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೆತ್ತೆಯನ್ನು ತಲೆಗೆ ಹಾಕಿಕೊಂಡು ಅದರ ಮೇಲೆ ಅಳತೆ ತೆಗೆದರೆ ಬುರುಡೆಯ ಅಚ್ಚುಪಟ್ಟಿಗಳು ಸರಿಯಾಗಿ ಬರುತ್ತವೆ. ಬುರುಡೆ ಮುಗಿದ ಮೇಲೆ ಮೆತ್ತೆಯನ್ನು ಅದಕ್ಕೆ ಹೊಂದಿಸಲು ಹೊರಟರೆ ಕಡಿಮೆಯಾಗುವುದು ಯಾವಾಗಲೂ ನೆತ್ತಿಯ ಮೇಲಿನ ಆ ನಾಲ್ಕು ಸೆಂಟಿಮೀಟರೇ. ಬುರುಡೆಗೆ ಎರಡೂವರೆ ಮಿಲಿಮೀಟರಿಗಿಂತ ತೆಳುವಾದ ತಗಡನ್ನು ಕೊಳ್ಳಬೇಡಿ, ಸುತ್ತಿಗೆಯ ಮುಖವನ್ನು ಪ್ರತಿದಿನ ನಯಗೊಳಿಸಿ, ಮುಗಿದ ಮೇಲೆ ಉಕ್ಕನ್ನು ಬೆಚ್ಚಗೆ ಮಾಡಿ ಅಗಸೆಎಣ್ಣೆಯನ್ನು ತೆಳುವಾಗಿ ಸವರಿ. ವರ್ವೆಲ್‌ಗಳ ಹುರಿಯನ್ನು ಆಗಾಗ ತೆಗೆದು ಜಾಲವನ್ನು ಕಳಚಿ, ಚರ್ಮದ ಪಟ್ಟಿಯ ಕೆಳಗೆ ಸೇರಿದ ತೇವವನ್ನು ಒರೆಸಿ. ಶಿರಸ್ತ್ರಾಣದಲ್ಲಿ ಮೊದಲು ತುಕ್ಕು ಹಿಡಿಯುವುದು ಅಲ್ಲಿಯೇ.